ಮಳೆ ನಿಂತ ಮೇಲೆ ಗೈಗರ್ ಕೌಂಟರ್ ಏರಿದ್ದು ಯಾಕೆ, ಆ ನೀರು ಸೊಪ್ಪಿಗೆ ಹಾಕಬಹುದಾ?

ಅಕ್ಕ, ನಿಮ್ಮ ಫೋಟೋ ನೋಡಿದೆ. ನಿನ್ನೆ ಸಂಜೆ ಗುಡುಗು ಮಳೆ ನಿಂತ ತಕ್ಷಣ ಕಾರಿನ ಬಾನೆಟ್ ಒರೆಸಿ, ಆ ಬಟ್ಟೆಯನ್ನು ಮಗನ ಗೈಗರ್ ಕೌಂಟರ್ (ವಿಕಿರಣ ಅಳೆಯುವ ಯಂತ್ರ) ಹತ್ತಿರ ಹಿಡಿದಿದ್ದೀರಿ. ನಿಮಿಷಕ್ಕೆ 30 ಇದ್ದ ಎಣಿಕೆ 110 ಆಗಿದೆ. ಡ್ರಮ್ಮಿನಲ್ಲಿ ಹಿಡಿದ ಮಳೆನೀರನ್ನು ತಾರಸಿಯ ಪಾಲಕ್, ದಂಟಿಗೆ ಹಾಕಬಹುದಾ ಅಂತ ನಿಮ್ಮ ಪ್ರಶ್ನೆ. ಧಾರಾಳವಾಗಿ ಹಾಕಿ. ಕೌಂಟರ್ ಸರಿಯಾಗಿಯೇ ತೋರಿಸಿದೆ. ಆದರೆ ಕೈಗಾ ಅಣು ಸ್ಥಾವರದಲ್ಲಿ ಏನೋ ಆಗಿದೆ ಅಂತ ಇಲ್ಲೊಬ್ಬರು ಬರೆದಿದ್ದಾರಲ್ಲ, ಅಷ್ಟು ದೂರ ಹೋಗಬೇಕಿಲ್ಲ. ಇದರ ಮೂಲ ನಮ್ಮ ಕಾಲ ಕೆಳಗೇ ಇದೆ.

ಲಾಲ್‌ಬಾಗ್ ಬಂಡೆ ನೋಡಿದ್ದೀರಲ್ವಾ? ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು. ಇಂಥ ಕಲ್ಲುಗಳಲ್ಲಿ ಒಂದಿಷ್ಟು ಯುರೇನಿಯಂ ಇದ್ದೇ ಇರುತ್ತದೆ. ಅದರ ಪರಮಾಣುಗಳು ತಾವಾಗೇ ಒಡೆಯುತ್ತಾ ರೇಡಾನ್ ಅನ್ನೋ ಅನಿಲ ಹುಟ್ಟಿ, ನೆಲದಿಂದ ಹೊರಬಂದು ಗಾಳಿ ಸೇರುತ್ತದೆ. ರೇಡಾನ್ ಅರ್ಧ ಆಗೋದಕ್ಕೆ 3.8 ದಿನ ಬೇಕು. ಮೋಡದ ಎತ್ತರಕ್ಕೆ ಏರಲು ಅಷ್ಟು ಸಮಯ ಸಾಕು. ಅದು ಒಡೆದಾಗ ಹುಟ್ಟುವ, ವಿಕಿರಣ ಸೂಸುವ ಸೀಸ, ಬಿಸ್ಮತ್ ಅನಿಲಗಳಲ್ಲ, ಲೋಹಗಳು. ಹುಟ್ಟಿದ ಕೂಡಲೇ ಸಣ್ಣ ಧೂಳಿಗೆ ಅಂಟಿಕೊಳ್ಳುತ್ತವೆ. ಮೋಡದ ಹನಿ ಕಟ್ಟೋದೇ ಅಂಥ ಧೂಳಿನ ಸುತ್ತ. ಜೊತೆಗೆ ಬೀಳುವ ಹನಿ ದಾರಿಯಲ್ಲಿ ಸಿಕ್ಕ ಧೂಳನ್ನೂ ಬಳಿದು ತರುತ್ತದೆ. ಅದೇ ನಿಮ್ಮ ಬಾನೆಟ್ ಮೇಲೆ ಕೂತದ್ದು.

ಸುಮ್ನೆ ನನ್ನ ಮಾತು ನಂಬಬೇಡಿ, ಮಗನ ಕೈಲಿ ಪರೀಕ್ಷೆ ಮಾಡಿಸಿ. ಮುಂದಿನ ಮಳೆ ನಿಂತ ತಕ್ಷಣ ಟಿಶ್ಯೂ ಪೇಪರಿನಿಂದ ಬಾನೆಟ್ ಪೂರ್ತಿ ಒರೆಸಲಿ. ಚಿಕ್ಕದಾಗಿ ಮಡಿಸಿ, ತೆಳು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೌಂಟರಿನ ಟ್ಯೂಬಿಗೆ ತಾಗುವಷ್ಟು ಹತ್ತಿರ ಇಡಲಿ. ಕೌಂಟರ್ ಮೇಲೆ ನೀರು ಬೀಳಬಾರದು. ಟ್ಯೂಬಿಗೆ ಸುಮಾರು 400 ವೋಲ್ಟ್ ಹೋಗುತ್ತದೆ, ಒದ್ದೆ ಕೈಯಲ್ಲಿ ಮುಟ್ಟೋದು ಬೇಡ. ತೇವ ಸೇರಿದರೆ ಎಣಿಕೆಯೂ ತಪ್ಪಾಗಬಹುದು. ಆಮೇಲೆ 10 ನಿಮಿಷಕ್ಕೊಮ್ಮೆ ಎಣಿಕೆ ಬರೆದುಕೊಂಡು, ಮಾಮೂಲಿ 30 ಅನ್ನು ಕಳೆಯಲಿ. ಉಳಿದದ್ದು ಅರ್ಧ ಗಂಟೆಗೆ ಹೆಚ್ಚುಕಡಿಮೆ ಅರ್ಧ ಆಗುತ್ತದೆ. ಮೂರು ಗಂಟೆ ಹೊತ್ತಿಗೆ ಏನೂ ಉಳಿಯಲ್ಲ. ಆ ಸೀಸದ ಅರ್ಧಾಯುಷ್ಯ (ಅರ್ಧ ಆಗೋಕೆ ಬೇಕಾದ ಸಮಯ) 27 ನಿಮಿಷ, ಬಿಸ್ಮತ್‌ದು 20 ನಿಮಿಷ, ಅದಕ್ಕೇ ಹೀಗೆ. ಎಷ್ಟು ಏರಿತು ಅನ್ನೋದರಿಂದ ಏನೂ ಗೊತ್ತಾಗಲ್ಲ, ಎಷ್ಟು ಬೇಗ ಇಳಿಯಿತು ಅನ್ನೋದನ್ನು ನೋಡಬೇಕು. ಮಾರನೇ ದಿನ ಬೆಳಿಗ್ಗೆಯೂ ಆ ಹೆಚ್ಚುವರಿ ಎಣಿಕೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿದಿದ್ದರೆ ಆಗ ಮಾತ್ರ ಇಲ್ಲಿ ಬರೆಯಿರಿ.

ಇನ್ನು, ಮೇಲಿನ ವಾತಾವರಣದಿಂದ ಮಳೆ ವಿಕಿರಣ ಇಳಿಸುತ್ತೆ ಅನ್ನೋದು ಸುಳ್ಳಾ ಅಂತ ನೀವೇ ಕೇಳಿದ್ದೀರಿ. ಸುಳ್ಳಲ್ಲ. ದೊಡ್ಡ ಹೈಡ್ರೋಜನ್ ಬಾಂಬಿನ ಧೂಳು ಮಳೆಮೋಡಗಳನ್ನೂ ದಾಟಿ ಸ್ಟ್ರಾಟೋಸ್ಫಿಯರ್ ಅನ್ನೋ ಮೇಲಿನ ಗಾಳಿಯ ಪದರಕ್ಕೆ ಹೋಗುತ್ತದೆ. ಅಲ್ಲಿ ಮಳೆ ಇಲ್ಲ, ತೊಳೆಯುವವರಿಲ್ಲ. ಹಾಗಾಗಿ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಕ್ಕೂ ಮೀರಿ ಅಲ್ಲೇ ಸುತ್ತುತ್ತದೆ. ಗಾಳಿಯ ಪದರಗಳು ಬೆರೆತಾಗ ಸ್ವಲ್ಪ ಸ್ವಲ್ಪವೇ ಕೆಳಗಿಳಿದು ಮೋಡದ ಮಟ್ಟಕ್ಕೆ ಬರುತ್ತದೆ. ಅಲ್ಲಿಂದ ನೆಲಕ್ಕೆ ತರೋದು ಮಳೆ.

ಬಾಂಬಿನ ಧೂಳು ಅಷ್ಟು ಮೇಲೆ ಹೋಗದೆ ಕೆಳಗೇ ಉಳಿದರೆ ಇಷ್ಟು ಕಾಯಲ್ಲ. 1953ರ ಏಪ್ರಿಲ್ 25ರಂದು ಅಮೆರಿಕದ ನೆವಾಡದಲ್ಲಿ ಒಂದು ಅಣುಬಾಂಬ್ ಪರೀಕ್ಷೆ ಆಯಿತು. ಮಾರನೇ ದಿನ ರಾತ್ರಿ, ಸುಮಾರು 3,600 ಕಿ.ಮೀ. ಆಚೆ ನ್ಯೂಯಾರ್ಕ್ ರಾಜ್ಯದ ಟ್ರಾಯ್ ಊರಲ್ಲಿ ಜೋರು ಗುಡುಗು ಮಳೆ. ಅಲ್ಲಿನ ಕಾಲೇಜು ಹುಡುಗರ ಗೈಗರ್ ಕೌಂಟರ್‌ಗಳು ಇದ್ದಕ್ಕಿದ್ದಂತೆ ಏರಿದವು. ಚೆರ್ನೋಬಿಲ್ ಅಣು ಸ್ಥಾವರದ ದುರಂತದ ಸಮಯದಲ್ಲೂ ಅಷ್ಟೇ. 1986ರ ಮೇ ಮೊದಲ ವಾರ ಅದರ ವಿಕಿರಣದ ಮೋಡ ಹಾಯುವಾಗ ಬ್ರಿಟನ್ನಿನ ಯಾವ ಗುಡ್ಡಗಳ ಮೇಲೆ ಮಳೆ ಸುರಿಯಿತೋ, ವಿಕಿರಣ ಸೂಸುವ ಸೀಸಿಯಂ ಅಲ್ಲೇ ಜಾಸ್ತಿ ಇಳಿಯಿತು. ಅದರ ಅರ್ಧಾಯುಷ್ಯ 30 ವರ್ಷ. ಅಲ್ಲಿನ ಕೆಲವು ಕಡೆ ಕುರಿ ಮಾರಾಟದ ನಿರ್ಬಂಧ ತೆಗೆದದ್ದು 2012ರಲ್ಲಿ. ಆ ಕುರಿ ಸಾಕುವವರ ಕಷ್ಟ ನೆನೆದರೆ ಈಗಲೂ ಸಂಕಟ ಆಗುತ್ತೆ.

ಬಯಲಲ್ಲಿ ಅಣುಬಾಂಬ್ ಸಿಡಿಸಿದ ಕೊನೆಯ ದೇಶ ಚೀನಾ, 1980ರಲ್ಲಿ. ಮೇಲೆ ಉಳಿದಿದ್ದ ಆ ಧೂಳು ಇಳಿದು ಎಷ್ಟೋ ಕಾಲವಾಯಿತು. ಈಗ ಮೇಲಿನಿಂದ ಮಳೆ ಇಳಿಸೋದು ಮುಖ್ಯವಾಗಿ ಬೆರಿಲಿಯಂ-7. ಬಾಹ್ಯಾಕಾಶದ ಕಿರಣಗಳು ಗಾಳಿಗೆ ಬಡಿದಾಗ ತಾನಾಗೇ ಆಗುತ್ತದೆ, 53 ದಿನಕ್ಕೆ ಅರ್ಧವಾಗುತ್ತದೆ. ಅದು ಎಷ್ಟು ಕಮ್ಮಿ ಅಂದರೆ ಮನೆಯ ಕೌಂಟರಿಗೆ ಕಾಣಲ್ಲ.

ಹಾಗಂತ ಮೊದಲ ಮಳೆಯ ನೀರನ್ನು ಡ್ರಮ್ಮಿಗೆ ಬಿಡಬೇಡಿ. ಅದು ವಿಕಿರಣಕ್ಕಲ್ಲ, ತಾರಸಿಯ ಧೂಳು, ಪಾರಿವಾಳದ ಹಿಕ್ಕೆಗೆ. ಹತ್ತು ಹದಿನೈದು ನಿಮಿಷ ಹರಿಯೋಕೆ ಬಿಟ್ಟು ಆಮೇಲೆ ಪೈಪ್ ತಿರುಗಿಸಿ. ಎಲ್ಲಾದರೂ ನಿಜವಾದ ಅಣು ಅವಘಡ ಆಗಿ ಸರ್ಕಾರ ಎಚ್ಚರಿಕೆ ಕೊಟ್ಟರೆ ಮಾತ್ರ ಪೈಪ್ ಪೂರ್ತಿ ಕಳಚಿ, ಡ್ರಮ್ ಮುಚ್ಚಿ, ತಾರಸಿಯ ಸೊಪ್ಪು ಕೊಯ್ಯೋದು ನಿಲ್ಲಿಸಿ. ಅಂಥ ಹೊತ್ತಲ್ಲಿ ವಿಕಿರಣ ಸೂಸುವ ಅಯೋಡಿನ್-131 ಮೊದಲು ಕೂರೋದೇ ಅಗಲ ಎಲೆಗಳ ಮೇಲೆ.

ಮಗ ಬರೆದುಕೊಂಡ ಎಣಿಕೆಗಳನ್ನು ದಯವಿಟ್ಟು ಇಲ್ಲಿ ಹಾಕಿ. ಸಣ್ಣ ತುಂತುರಿಗೆ ಒಂದು ಸಲ, ಜೋರು ಮಳೆಗೆ ಒಂದು ಸಲ ಮಾಡಿದರೆ ಇನ್ನೂ ಒಳ್ಳೆಯದು.