ಅಮ್ಮನ ಎಪ್ಪತ್ತಕ್ಕೆ ಸರ್‌ಪ್ರೈಸ್ ಬೇಡ, ಪುಸ್ತಕ ಮಾಡಿ

ಅಮ್ಮನ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಗೊತ್ತಾಗದ ಹಾಗೆ ಹಾಲ್ ಹಿಡಿದು, ಅವರ ಬದುಕಿನ ಬಗ್ಗೆ ಹತ್ತು ನಿಮಿಷದ ವಿಡಿಯೊ ಹಾಕುವ ಯೋಚನೆ ನಿಮ್ಮದು. ನಮ್ಮನೆಯಲ್ಲೂ ಶುರುವಾಗಿದ್ದು ಹೀಗೇ. ಬಿಟ್ಟುಬಿಡಿ. ಅಮ್ಮನನ್ನು ಕೇಳದೆ ಅಮ್ಮನ ಕಥೆ ಮಾಡಿದರೆ ಅದರಲ್ಲಿ ಬರುವುದು ನೀವು ಹುಟ್ಟಿದ ಮೇಲಿನದು ಮಾತ್ರ. ಅವರನ್ನೇ ಕೇಳಿ, ಅವರ ಮಾತು ರೆಕಾರ್ಡ್ ಮಾಡಿ, ಹಳೇ ಫೋಟೊ ಸೇರಿಸಿ ಪುಟ್ಟ ಪುಸ್ತಕ ಮಾಡಿ.

ಮೊದಲು ತಾರೀಖು ನೋಡಿ. ಆ ಕಾಲದವರಲ್ಲಿ ಎಷ್ಟೋ ಜನಕ್ಕೆ ಜನ್ಮದಿನ ಅಂದರೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದು, ಆಧಾರ್‌ನಲ್ಲೂ ಅದೇ. ಸಂವತ್ಸರ, ತಿಥಿ ಕೇಳಿ. ದುರ್ಮುಖಿ ಸಂವತ್ಸರ ಅಂದರೆ 1956ರ ಯುಗಾದಿಯಿಂದ ಮುಂದಿನ ಯುಗಾದಿವರೆಗೆ. ಎಪ್ಪತ್ತಕ್ಕೆ ಮಾಡುವ ಭೀಮರಥ ಶಾಂತಿ ಮಾಡಿಸುವುದಿದ್ದರೆ ಪುರೋಹಿತರಿಗೂ ಇದೇ ಬೇಕು.

ಎರಡು ತಿಂಗಳು ಮುಂಚೆ ರೆಕಾರ್ಡಿಂಗ್ ಶುರುಮಾಡಿ, ಒಂದು ಸಲಕ್ಕೆ ನಲವತ್ತು ನಿಮಿಷ ಸಾಕು. ಫ್ಯಾನ್ ಆಫ್. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಒಂದಡಿ ದೂರದಲ್ಲಿ ಮಡಿಸಿದ ಟವೆಲ್ ಮೇಲಿಡಿ. ಬರೀ ಮೇಜಿನ ಮೇಲಿಟ್ಟರೆ ಬಳೆ ತಗುಲಿದ ಸದ್ದೆಲ್ಲ ಸೇರಿಕೊಳ್ಳುತ್ತದೆ.

ಎಲ್ಲ ಕೆಡುವುದು ಒಂದೇ ಕಡೆ: ಮನೆಯವರೆಲ್ಲರ ಎದುರು ಕೂರಿಸಿ ಕೇಳುವುದು. ಅಪ್ಪ ಪಕ್ಕದಲ್ಲಿದ್ದರೆ ಇಸವಿ ತಿದ್ದುತ್ತಾರೆ, "ಹಾಗಲ್ಲ ಕಣೇ" ಅನ್ನುತ್ತಾರೆ. ಅಮ್ಮ "ನೀವೇ ಹೇಳ್ಬಿಡಿ" ಅಂತ ಕಾಫಿಗೆ ಏಳುತ್ತಾರೆ. ಅಲ್ಲಿಗೆ ಮುಗೀತು. ಸೋದರತ್ತೆ ಇದ್ದರೆ ಮದುವೆಯಾದ ಹೊಸದರ ಮಾತೇ ಬರುವುದಿಲ್ಲ, ಸೊಸೆ ಇದ್ದರೆ ಎಲ್ಲವೂ ಬುದ್ಧಿಮಾತಾಗುತ್ತದೆ. ಅಪ್ಪನನ್ನು ವಾಕಿಂಗ್‌ಗೆ ಕಳಿಸಿ, ಒಬ್ಬರೇ ಕೂತು ಕೇಳಿ.

"ಜೀವನ ಹೇಗಿತ್ತಮ್ಮಾ" ಅಂದರೆ "ಏನೋ ಆಯ್ತು" ಅನ್ನುತ್ತಾರೆ. ಇದ್ದ ಮನೆಗಳನ್ನು ಒಂದೊಂದಾಗಿ ಹಿಡಿಯಿರಿ: ವಠಾರದಲ್ಲಿ ನಲ್ಲಿ ಎಷ್ಟು ಹೊತ್ತಿಗೆ ಬರ್ತಿತ್ತು, ಬಾಡಿಗೆ ಎಷ್ಟು, ಸೀಮೆಎಣ್ಣೆ ಕ್ಯೂನಲ್ಲಿ ಯಾರು ನಿಲ್ತಿದ್ರು, ಮೊದಲ ಸಂಬಳ ಯಾರ ಕೈಗೆ ಕೊಟ್ಟೆ. ಇಸವಿ ನೆನಪಾಗದಿದ್ದರೆ "ಬೆಂಗಳೂರಿಗೆ ಕಾವೇರಿ ನೀರು ಬರೋಕೆ ಮುಂಚೆಯಾ, ಆಮೇಲಾ" ಅನ್ನಿ, ಅದು 1974. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು ಅದರ ಹಿಂದಿನ ವರ್ಷ.

ಫೋಟೊ 600 ಡಿಪಿಐಗೆ (ಅಂಗುಲಕ್ಕೆ 600 ಚುಕ್ಕಿ) ಸ್ಕ್ಯಾನ್ ಮಾಡಿ. ಆಲ್ಬಮ್‌ಗೆ ಅಂಟಿದ್ದನ್ನು ಕೀಳಬೇಡಿ, ಇಡೀ ಪುಟವನ್ನೇ ಸ್ಕ್ಯಾನ್ ಮಾಡಿ. ನೆಂಟರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಲಿ, ಇಲ್ಲದಿದ್ದರೆ ಪ್ರಿಂಟ್‌ನಲ್ಲಿ ಮುಖ ಮಸುಕು.

ಅಮ್ಮನ ಮಾತನ್ನು ಗ್ರಾಂಥಿಕಕ್ಕೆ ತಿದ್ದಬೇಡಿ. ಪ್ರೂಫ್ ಮೊದಲು ಅವರಿಗೇ ಕೊಡಿ, ಬೇಡ ಅಂದ ಸಾಲು ತೆಗೆಯಿರಿ. ಎ5 ಅಳತೆ, ಅಕ್ಷರ 14 ಪಾಯಿಂಟ್. ಮಧ್ಯದಲ್ಲಿ ಪಿನ್ ಹೊಡೆಸುವುದಾದರೆ ಪುಟಗಳು ನಾಲ್ಕರ ಲೆಕ್ಕದಲ್ಲಿರಬೇಕು. ಪ್ರೆಸ್‌ಗೆ ವರ್ಡ್ ಫೈಲ್ ಕೊಡಲೇಬೇಡಿ: ನೀವು ಯುನಿಕೋಡ್‌ನಲ್ಲಿ (ಫೋನ್‌ನಲ್ಲಿ ಬರುವ ಕನ್ನಡ) ಟೈಪ್ ಮಾಡಿ ಅವರು ನುಡಿ ತಂತ್ರಾಂಶದ ಹಳೇ ಫಾಂಟ್‌ಗೆ ಬದಲಾಯಿಸಿದರೆ ಒತ್ತಕ್ಷರ, ಅರ್ಕಾವತ್ತು ಎಲ್ಲ ಚೆಲ್ಲಾಪಿಲ್ಲಿ. ಫಾಂಟ್ ಸೇರಿಸಿದ ಪಿಡಿಎಫ್ ಕೊಟ್ಟು, ಮೊದಲು ಒಂದೇ ಪ್ರತಿ ತೆಗೆಸಿ ನೋಡಿ.