ವಾಕರ್ ಮನೆತನದವರು ನಡೆದದ್ದು ಎಲ್ಲಿ?

"ಸ್ಮಿತ್ ಅಂದ್ರೆ ಕಮ್ಮಾರ, ಪಾಟರ್ ಅಂದ್ರೆ ಕುಂಬಾರ. ಹಾಗಾದ್ರೆ ವಾಕರ್ ಮನೆತನದವರು ಸುಮ್ನೆ ನಡೆದಾಡಿಕೊಂಡು ಇದ್ದವರಾ?" ಅಂತ ಕೇಳಿದ್ದೀರಿ. ಓದಿ ನಕ್ಕುಬಿಟ್ಟೆ. ಕಾಲಿಗೂ ಆ ಹೆಸರಿಗೂ ನಂಟು ಇರುವುದು ನಿಜ. ಆದರೆ ಆ ಕಾಲುಗಳು ಇದ್ದದ್ದು ಒದ್ದೆ ಉಣ್ಣೆ ಬಟ್ಟೆಯ ಮೇಲೆ.

ಮಗ್ಗದಿಂದ ಇಳಿಸಿದ ಉಣ್ಣೆ ಬಟ್ಟೆಯನ್ನು ಹಾಗೇ ಹೊಲಿಸಿಕೊಳ್ಳಲು ಆಗುತ್ತಿರಲಿಲ್ಲ. ಎಳೆಗಳ ನಡುವೆ ಸಂದು, ಮೈಯೆಲ್ಲ ಕುರಿಯ ಜಿಡ್ಡು. ಅದಕ್ಕೇ ತೊಟ್ಟಿಯಲ್ಲಿ ನೆನೆಹಾಕಿ ಗಂಟೆಗಟ್ಟಲೆ ತುಳಿಯುತ್ತಿದ್ದರು. ತುಳಿದಷ್ಟೂ ಉಣ್ಣೆ ಕುಗ್ಗಿ, ಎಳೆಗಳು ಒಂದರೊಳಗೊಂದು ಸಿಕ್ಕಿಕೊಂಡು ಬಟ್ಟೆ ದಪ್ಪವಾಗುತ್ತಿತ್ತು. ಹೊಳೆಯಲ್ಲಿ ಕಂಬಳಿ ತುಳಿದು ಒಗೆಯುವುದನ್ನು ನೋಡಿದವರಿಗೆ ಇದು ಕಣ್ಣಿಗೆ ಕಟ್ಟುತ್ತದೆ. ಆದರೆ ಆ ತೊಟ್ಟಿಯಲ್ಲಿ ಏನಿರುತ್ತಿತ್ತು ಗೊತ್ತಾ? ಹಲವು ದಿನ ಇಟ್ಟು ಹಳಸಿದ ಮೂತ್ರ! ಅದರಲ್ಲಿರುವ ಅಮೋನಿಯಾ ಜಿಡ್ಡು ಬಿಡಿಸುತ್ತದೆ. ರೋಮನ್ನರೂ ಇದನ್ನೇ ಬಳಸುತ್ತಿದ್ದರು. ಅಲ್ಲಿನ ಚಕ್ರವರ್ತಿ ವೆಸ್ಪೇಸಿಯನ್ ಮೂತ್ರದ ಮೇಲೂ ತೆರಿಗೆ ಹಾಕಿದ್ದ.

ಇನ್ನೊಂದು ಸಾಮಾನು, ಜಿಡ್ಡು ಹೀರುವ ಒಂದು ಬಗೆಯ ಮಣ್ಣು. ನಮ್ಮ ಮನೆಯಲ್ಲಿ ಮುಖಕ್ಕೆ ಹಚ್ಚಿಕೊಳ್ಳುವ ಮುಲ್ತಾನಿ ಮಿಟ್ಟಿ ಪ್ಯಾಕೆಟ್ಟಿನ ಹಿಂದೆ 'ಫುಲ್ಲರ್ಸ್ ಅರ್ಥ್' ಅಂತ ಅಚ್ಚಾಗಿದೆ. ಅದೇ ಇದು. ಫುಲ್ಲರ್ ಅಂದರೂ ಬಟ್ಟೆ ತುಳಿಯುವವನೇ.

ಈಗ ಪದಕ್ಕೆ ಬರೋಣ. ಹಳೆಯ ಇಂಗ್ಲಿಷಿನಲ್ಲಿ 'ವೆಯಲ್ಕನ್' ಅಂದರೆ ಉರುಳಿಸು, ಹೊರಳಿಸು ಅಂತ. ಬಟ್ಟೆ ತುಳಿಯುವವನು 'ವೆಯಲ್ಕೆರೆ'. 'ವಾಕ್' ಅನ್ನುವುದಕ್ಕೆ ನಡೆಯುವ ಅರ್ಥ ಬಂದದ್ದು ಆಮೇಲೆ. ಜರ್ಮನ್ನಿನಲ್ಲಿ ಇವತ್ತಿಗೂ 'ವಾಲ್ಕೆನ್' ಅಂದರೆ ಉಣ್ಣೆ ಬಟ್ಟೆಗೆ ಹೀಗೆ ಹದ ಕೊಡುವ ಕೆಲಸ. ಜಾನಿ ವಾಕರ್ ಬಾಟಲಿಯ ಮೇಲೆ ಟೋಪಿ ಹಾಕಿಕೊಂಡು ದಾಪುಗಾಲು ಹಾಕುವ ಆಸಾಮಿ ಇದ್ದಾನಲ್ಲ, ಅವನು 1908ರಲ್ಲಿ ಹುಟ್ಟಿದ ಚಿತ್ರ. ಹೆಸರಿನ ನಿಜವಾದ ಅರ್ಥ ಹಿಡಿದು ಅವನನ್ನು ಮೂತ್ರದ ತೊಟ್ಟಿಯಲ್ಲಿ ನಿಲ್ಲಿಸಿದ್ದರೆ ವ್ಯಾಪಾರ ಆಗುತ್ತಿತ್ತಾ ಹೇಳಿ!

ನನಗೆ ಜಾಸ್ತಿ ಮಜಾ ಅನ್ನಿಸುವುದು ಬೇರೆ ಸಂಗತಿ. ಈ ಒಂದೇ ಕಸುಬಿಗೆ ಇಂಗ್ಲೆಂಡಿನಲ್ಲಿ ಮೂರು ಹೆಸರು. ಉತ್ತರದಲ್ಲಿ ವಾಕರ್. ಆಗ್ನೇಯದಲ್ಲಿ ಫುಲ್ಲರ್. ಡೆವನ್ ಸುತ್ತಿನ ನೈಋತ್ಯದಲ್ಲಿ ಟಕ್ಕರ್. ಟಕ್ಕರ್ ಬಂದದ್ದು ಹಿಂಸೆ ಕೊಡು ಅನ್ನುವ ಅರ್ಥದ ಹಳೆಯ ಪದದಿಂದ. ಬಟ್ಟೆಯ ಪಾಡು ನೆನೆಸಿಕೊಂಡರೆ ಸರಿಯಾಗೇ ಇದೆ, ಅಲ್ವಾ? ಎಕ್ಸೆಟರ್ ಊರಲ್ಲಿ ಈ ಕಸುಬಿನ ಸಂಘದವರು 1471ರಲ್ಲಿ ಕಟ್ಟಿಸಿದ ಟಕ್ಕರ್ಸ್ ಹಾಲ್ ಈಗಲೂ ನಿಂತಿದೆ. ಹಾಗಾಗಿ ಟಕ್ಕರ್ ಅಂತ ಒಬ್ಬರು ಸಿಕ್ಕರೆ, ಅವರ ಹಳೇ ತಲೆಮಾರು ಯಾವ ಸೀಮೆಯದು ಅಂತ ಒಂದು ಅಂದಾಜು ಮಾಡಬಹುದು.

ತುಳಿಯುವ ಕಾಲಿಗೆ ಬಿಡುವು ಸಿಕ್ಕಿದ್ದು ನೀರಿನ ಗಿರಣಿಗಳಿಂದ. ಚಕ್ರ ತಿರುಗಿದಂತೆ ಮರದ ಕೊಡತಿಗಳು ಎದ್ದು ಬಿದ್ದು ಬಟ್ಟೆ ಕುಟ್ಟುತ್ತಿದ್ದವು. ಟೆಂಪ್ಲರ್ ಅನ್ನುವ ಕ್ರೈಸ್ತ ಯೋಧ-ಸನ್ಯಾಸಿಗಳ ಪಂಥದವರು ಇಂಗ್ಲೆಂಡಿನಲ್ಲಿ ಮಾಡಿದ 1185ರ ಆಸ್ತಿ ಪಟ್ಟಿಯಲ್ಲೇ ಇಂಥ ಗಿರಣಿಯ ಲೆಕ್ಕ ಸಿಗುತ್ತದೆ. ಕಾಲು ತೊಟ್ಟಿಯಿಂದ ಆಚೆ ಬಂತು, ಹೆಸರು ಬರಲಿಲ್ಲ. ಉತ್ತರದವರು ಆ ಗಿರಣಿಯನ್ನೂ 'ವಾಕ್ ಮಿಲ್' ಅಂತಲೇ ಕರೆದರು.

ಆಗಿನ್ನೂ ಇವು ಕಸುಬಿನ ಹೆಸರುಗಳು, ಅಪ್ಪ ವಾಕರ್ ಆದರೆ ಮಗ ಬೇರೇನೋ ಆಗಬಹುದಿತ್ತು. 1377, 1379 ಮತ್ತು 1381ರಲ್ಲಿ ತಲೆಗಂದಾಯ ಹಾಕಿದಾಗ ಸಾಮಾನ್ಯ ಜನರ ಹೆಸರುಗಳೂ ಸಾಲುಸಾಲಾಗಿ ಪಟ್ಟಿ ಸೇರಿದವು. ಆ ಹೊತ್ತಿಗೆ ಅಡ್ಡಹೆಸರು ಮನೆತನಕ್ಕೆ ಅಂಟಿಕೊಳ್ಳುತ್ತಾ ಬಂದಿತ್ತು. (ಮೂರನೇ ಕಂದಾಯಕ್ಕೆ ರೈತರು ದಂಗೆ ಎದ್ದರು. ಮುಂದಾಳು ವಾಟ್ ಟೈಲರ್, ಹೆಸರಿನಲ್ಲಿ ಹೆಂಚಿನ ಕೆಲಸದವನು.) ನನ್ನ ಅಡ್ಡಹೆಸರು ಬಡಿಗೇರ. ನಮ್ಮಜ್ಜನೇ ಉಳಿ ಹಿಡಿದವರಲ್ಲ, ಶಾಲೆ ಮಾಸ್ತರು. ವಾಕರ್‌ಗಳದ್ದೂ ಅದೇ ಕಥೆ.

ಒಂದು ಮಾತು ಮರೆತಿದ್ದೆ. ಎಲ್ಲ ವಾಕರ್‌ಗಳೂ ಬಟ್ಟೆ ತುಳಿದವರ ಮಕ್ಕಳೇ ಅಂತ ಹೇಳಲಾಗದು. ನ್ಯೂಕಾಸಲ್ ಪಕ್ಕದಲ್ಲಿ ವಾಕರ್ ಅನ್ನುವ ಊರೇ ಇದೆ. ರೋಮನ್ನರು ಕಟ್ಟಿಸಿದ ಹೇಡ್ರಿಯನ್ ಗೋಡೆಯ ಪಕ್ಕದ ಜೌಗು ನೆಲ ಅಂತ ಆ ಹೆಸರಿನ ಅರ್ಥ. ಆ ಊರಿಂದ ಹೆಸರು ಪಡೆದವರಿಗೆ ತೊಟ್ಟಿಯ ಗೊಡವೆ ಇಲ್ಲ.