ಜೋಡಿ ವೃತ್ತಕ್ಕೆ ಅರ್ಥ ಹುಡುಕಲು ಹೋಗಿ ಕೈಸುಟ್ಟುಕೊಂಡೆ

ಲಾಂಛನವೊಂದಕ್ಕಾಗಿ ತುರ್ಕಿಕ್ ಜನರ, ಅಂದರೆ ಕಝಕ್, ಕಿರ್ಗಿಜ್ ಮುಂತಾದವರ, ಕುಲಚಿಹ್ನೆಗಳ, ಪ್ರಾಣಿಗಳ ಅರ್ಥದ ಪಟ್ಟಿ ಕೇಳಿದ್ದೀರಿ. ಅಂಥದೇ ಪಟ್ಟಿಯನ್ನು ನಂಬಿ ನಾನು ನಾಲ್ಕುನೂರು ಲಗ್ನಪತ್ರಿಕೆ ಹಾಳುಮಾಡಿದ್ದೇನೆ.

ಬೆಂಗಳೂರಿನಲ್ಲಿ ಕುಳಿತು ಅಲ್ಮಾಟಿಯ ಕಝಕ್ ಕುಟುಂಬವೊಂದಕ್ಕೆ ಪತ್ರಿಕೆ ವಿನ್ಯಾಸ ಮಾಡಿದ್ದೆ. ವರ ಅರ್ಗಿನ್ ಕುಲದವನು. ಅವರ ‘ತಮ್ಗಾ’, ಅಂದರೆ ಕುಲಮುದ್ರೆ, ಜೋಡಿ ವೃತ್ತ. ವಧು ಕಿಪ್ಚಾಕ್ ಕುಲದವಳು, ಅವರದು ಎರಡು ನೆಟ್ಟ ಗೆರೆ. ಗೆರೆಗಳು ನನಗೆ ಬೋಳಾಗಿ ಕಂಡವು. ನನ್ನ ಪಟ್ಟಿಯಲ್ಲಿ ವೃತ್ತಕ್ಕೆ ‘ಅನಂತ ಪ್ರೇಮ’ ಎಂದಿತ್ತು. ಸರಿ, ವಧುವಿನ ಹೆಸರಿನ ಮೇಲೂ ವೃತ್ತಗಳನ್ನೇ ಕೂರಿಸಿದೆ. ನಮ್ಮಲ್ಲಿ ಒಂದೇ ಬೆಡಗಿನವರು ಅಣ್ಣತಂಗಿಯಾದಂತೆ, ಅವರಲ್ಲೂ ತಂದೆಯ ಕಡೆಯಿಂದ ಏಳು ತಲೆಮಾರಿನೊಳಗೆ ಮದುವೆಯಿಲ್ಲ. ‘ಝೆತಿ ಅತಾ’, ಏಳು ತಂದೆಯರು ಎನ್ನುತ್ತಾರೆ. ನಾನು ಮಾಡಿದ್ದು ಅಲಂಕಾರವಲ್ಲ. ಹುಡುಗಿಯ ತವರನ್ನೇ ಅಳಿಸಿ ಅವಳನ್ನು ವರನ ದಾಯಾದಿಯಾಗಿಸಿದ್ದೆ. ಮುದ್ರಿತ ಪತ್ರಿಕೆಯ ಚಿತ್ರ ನೋಡಿ ಅವಳ ತಾತ ಸಿಡಿದೆದ್ದರು. ಮರುಮುದ್ರಣದ ಖರ್ಚು ನನ್ನದೇ.

ಆಮೇಲೆ ಓದಿದೆ, ಮೊದಲೇ ಓದಬೇಕಿತ್ತು. ತಮ್ಗಾ ದನಕುದುರೆಗಳ ಮೈಮೇಲೆ ಹಾಕುತ್ತಿದ್ದ ಬರೆ. ಹನ್ನೊಂದನೆಯ ಶತಮಾನದ ನಿಘಂಟುಕಾರ ಮಹ್ಮೂದ್ ಕಾಶ್ಗರಿ ಒಘುಜ್ ಎಂಬ ತುರ್ಕಿಕ್ ಜನರ ಕುಲಗಳ ಮುದ್ರೆಗಳನ್ನು ಬರೆದಿಟ್ಟದ್ದೂ ಜಾನುವಾರುಗಳ ಗುರುತೆಂದೇ. ಅದು ‘ಏನು’ ಎಂದು ಹೇಳುವುದಿಲ್ಲ, ‘ಯಾರದು’ ಎಂದು ಹೇಳುತ್ತದೆ.

ಪ್ರಾಣಿಗಳೂ ಅಷ್ಟೆ. ತೋಳ ಎಂದರೆ ಶೌರ್ಯ, ಹದ್ದು ಎಂದರೆ ಸ್ವಾತಂತ್ರ್ಯ ಎಂಬುದೆಲ್ಲ ಟೀ-ಶರ್ಟ್ ಮಾರುವವರ ಮಾತು. ಪರ್ಷಿಯಾದ ಇತಿಹಾಸಕಾರ ರಷೀದುದ್ದೀನ್ ಒಘುಜರ 24 ಕುಲಗಳನ್ನು ನಾಲ್ಕು ನಾಲ್ಕಾಗಿ ಹಂಚಿ, ಪ್ರತಿ ಗುಂಪಿಗೂ ಒಂದು ಬೇಟೆಹಕ್ಕಿಯನ್ನು ‘ಒಂಗೋನ್’, ಅಂದರೆ ಕುಲದ ಪವಿತ್ರ ಜೀವಿ, ಎಂದು ಹೇಳುತ್ತಾನೆ. ಅದನ್ನು ಕೊಲ್ಲಬಾರದು, ತಿನ್ನಬಾರದು. ಕಿರ್ಗಿಜರ ಬುಗು ಕುಲಕ್ಕೆ ಜಿಂಕೆ ತಾಯಿ. ತಾಯಿಗೆ ಅರ್ಥ ಕೇಳುತ್ತೀರಾ?

ತೋಳವನ್ನೇ ನೋಡಿ. ಪ್ರಾಚೀನ ತುರ್ಕರನ್ನು ಆಳಿದ ಅಶಿನಾ ರಾಜವಂಶ ಹೆಣ್ಣುತೋಳದಿಂದ ಹುಟ್ಟಿತು ಎನ್ನುವುದು ಕಥೆ, ನಿಜ. ಆದರೆ ಅದೇ ವಂಶದ ರಾಜಕುಮಾರ ಕುಲ್ ತಿಗಿನ್‌ನ ನೆನಪಿಗಾಗಿ 732ರಲ್ಲಿ ಮಂಗೋಲಿಯಾದ ಓರ್ಖಾನ್ ಕಣಿವೆಯಲ್ಲಿ ನಿಲ್ಲಿಸಿದ ಕಲ್ಲಿನ ಮೇಲಿರುವ ಮುದ್ರೆ ಕಾಡುಮೇಕೆಯದು!

ಹಾಗಾಗಿ ಪಟ್ಟಿ ಕೊಡುವುದಿಲ್ಲ. ಲಾಂಛನ ಯಾವ ಕುಲದವರಿಗೆ? ಅದನ್ನು ಹೇಳಿ, ಅವರ ಮನೆಯ ಹಿರಿಯರನ್ನೇ ಕೇಳಿ. ಅವರಿಗಲ್ಲ, ನಿಮ್ಮದೇ ಅಂಗಡಿಗೆ ಎನ್ನುವುದಾದರೆ ಬೇರೆ ಏನನ್ನಾದರೂ ಬರೆಯಿರಿ. ನನ್ನ ಆ ನಾಲ್ಕುನೂರು ಪತ್ರಿಕೆಗಳ ಬೆನ್ನಿನ ಮೇಲೆ ಹೆಂಡತಿ ಇನ್ನೂ ದಿನಸಿ ಲೆಕ್ಕ ಬರೆಯುತ್ತಿದ್ದಾಳೆ.